ಹಳೆಯ ಕಡತದಲ್ಲಿ ಕೊಪ್ಪಳ ಎಲ್ಲಿದೆ?

ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಅಂದು ಅದರಲ್ಲಿದ್ದವು. ರಾಜ್ಯದ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಗಣಕಯಂತ್ರ ಕಾಲಿಡುತ್ತಿದ್ದ ಕಾಲ ಅದು. ಹೊಸ ಜಿಲ್ಲೆ ಮತ್ತು ಗಣಕ ಕನ್ನಡ ಹೆಚ್ಚುಕಡಿಮೆ ಒಂದೇ ವಯಸ್ಸಿನವು ಎನ್ನಬಹುದು.

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕೊಪ್ಪಳ’ ಎಂದು ಬರೆದಿಟ್ಟ ಕಡತವನ್ನು, ಆ ಫಾಂಟ್ ಇಲ್ಲದ ಇಂದಿನ ಯಂತ್ರದಲ್ಲಿ ತೆರೆದರೆ ಕಾಣುವುದೇ ಬೇರೆ. ಮೊದಲಿಗೆ ಇಂಗ್ಲಿಷಿನ ಪಿ. ಆಮೇಲೆ ನೆತ್ತಿಯ ಮೇಲೆ ಗೀಟು ಹೊತ್ತ ಇ. ನಡುವೆ ಜಪಾನಿನ ಯೆನ್ ಹಣದ ಗುರುತು. ಕೊನೆಯಲ್ಲಿ ಕಾಲು ಭಾಗದ ಗುರುತು, ಅದರ ಪಕ್ಕದಲ್ಲೊಂದು ಗೀಟಿನ ಎ. ಒಟ್ಟು ಎಂಟು ಚಿಹ್ನೆ. ‘ಕೊಪ್ಪಳ’ ಎಂದು ಹುಡುಕಿದರೆ ಯಂತ್ರ ಇಲ್ಲವೆನ್ನುತ್ತದೆ.

ಕಾರಣ ಸರಳ. ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತ ಪದ್ಧತಿಯಲ್ಲಿ ಇದ್ದದ್ದು 128 ಸ್ಥಾನ, ಹಿಗ್ಗಿಸಿದ ಮೇಲೆ 256. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡದ ಆಕಾರಗಳು ಅಷ್ಟರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಫಾಂಟ್ ಮಾಡುವವರು ಬೆರಳಚ್ಚು ಯಂತ್ರದವರ ಹಾದಿ ಹಿಡಿದರು. ಅಕ್ಷರವನ್ನು ತುಂಡು ಮಾಡಿ, ತಲಕಟ್ಟು ಒಂದು ಕಡೆ, ಒಡಲು ಒಂದು ಕಡೆ, ಒತ್ತು ಇನ್ನೊಂದು ಕಡೆ ಎಂದು ಇಂಗ್ಲಿಷಿನ ಮನೆಗಳಲ್ಲಿ ಕೂರಿಸಿದರು. ಕಣ್ಣಿಗೆ ಕನ್ನಡ; ಯಂತ್ರದ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಸಾಲದ್ದಕ್ಕೆ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಒಂದೊಂದು ತಂತ್ರಾಂಶಕ್ಕೂ ಒಂದೊಂದು ಮನೆಲೆಕ್ಕ. ಒಬ್ಬರ ಕಡತ ಮತ್ತೊಬ್ಬರಿಗೆ ಒಗಟು.

ಸರಿಯಾದ ದಾರಿ ತಿಳಿದಿರಲಿಲ್ಲವೆಂದಲ್ಲ. ಆಕಾರವನ್ನಲ್ಲ, ಅಕ್ಷರವನ್ನೇ ಸಂಕೇತವಾಗಿ ಉಳಿಸುವ ‘ಇಸ್ಕಿ’ಯನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲೇ ಮಾನ್ಯ ಮಾಡಿತ್ತು. ಡಾಸ್ ಕಾಲದ ಯಂತ್ರಗಳಿಗೆ ಸಿಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಸಿಕ್ಕಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಆದರೆ ಮುದ್ರಕರಿಗೆ ಬೇಕಿದ್ದದ್ದು ಪೇಜ್‌ಮೇಕರಿನಲ್ಲಿ ಅಂದವಾಗಿ ಕೂರುವ ಅಕ್ಷರ. ಆ ಅವಸರವೇ ಗೆದ್ದಿತು.

ಈ ಗೊಂದಲದ ನಡುವೆ ಅಕ್ಷರದ ಸ್ವಭಾವವನ್ನು ಚೆನ್ನಾಗಿ ಗ್ರಹಿಸಿದವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶ ಮಾಡಿ ಉಚಿತವಾಗಿ ಹಂಚಿದರು. ಅವರ ಕೀಲಿಮಣೆಗೆ ಇಂಗ್ಲಿಷಿನ 26 ಕೀಲಿಗಳೇ ಸಾಕು. ಸಣ್ಣ ಕೆ ಒತ್ತಿದರೆ ಕ, ದೊಡ್ಡ ಕೆ ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. ‘ಕೊಪ್ಪಳ’ ಬರೆಯಲು ಕೆ, ಓ, ಪಿ, ಎಫ್, ಪಿ, ದೊಡ್ಡ ಎಲ್: ಆರೇ ಕೀಲಿ. ಉಚ್ಚಾರದ ಕ್ರಮವೇ ಬೆರಳಿನ ಕ್ರಮ. ರಾಜ್ಯ ಸರ್ಕಾರ ಮುಂದೆ ಅಂಗೀಕರಿಸಿದ ವಿನ್ಯಾಸಕ್ಕೆ ಇದೇ ಆಧಾರವಾಯಿತು.

ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಜಾಗ ಕೊಡಲು ಹೊರಟ ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ಓಣಿ ಸಿಕ್ಕಿತ್ತು. ಅದರಲ್ಲಿಯೂ ‘ಕೊಪ್ಪಳ’ಕ್ಕೆ ಆರೇ ಸಂಕೇತ, ಕೆ.ಪಿ. ರಾವ್ ಅವರ ಆರು ಕೀಲಿಗಳ ಕ್ರಮದಲ್ಲಿಯೇ. ಆದರೆ ಓಣಿ ಇದ್ದರೂ ಮನೆ ಏಳಲು ಹತ್ತು ವರ್ಷ ಬೇಕಾಯಿತು. ವಿಂಡೋಸ್ ಕಾರ್ಯಾಚರಣೆ ವ್ಯವಸ್ಥೆ ಕನ್ನಡವನ್ನು ತಾನಾಗಿ ಬರೆಯಲು ಕಲಿತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ‘ತುಂಗಾ’ ಫಾಂಟಿನೊಡನೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲೇ ಬಂದಿತ್ತು. ಅಷ್ಟರಲ್ಲಿ ರಾಶಿರಾಶಿ ಕಡತಗಳು ಹಳೆಯ ಫಾಂಟುಗಳಲ್ಲಿ ತುಂಬಿಹೋಗಿದ್ದವು. ತುಂಬುವುದು ಅಲ್ಲಿಗೆ ನಿಲ್ಲಲೂ ಇಲ್ಲ. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಕೊನೆಗೂ ಒಗ್ಗಲಿಲ್ಲ, ಮುದ್ರಕರು ಅದನ್ನು ಬೇಗ ಬಿಡಲೂ ಇಲ್ಲ.

ಇದು ಪುಸ್ತಕ ಪತ್ರಿಕೆಗಳಿಗಷ್ಟೇ ಸೇರಿದ ಮಾತೂ ಅಲ್ಲ. ಸುಮಾರು ಅದೇ ಹೊತ್ತಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಪಹಣಿಗಳು ಗಣಕಕ್ಕೇರಿದವು. ಹೆಸರಿನ ಒಂದು ಒತ್ತು ಬದಲಾದರೂ ರೈತ ಕಚೇರಿ ಸುತ್ತಬೇಕಾಗುತ್ತದೆ.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳು ಇವೆ; ಕೆಲಸ ಮಾಡುತ್ತವೆ. ಆದರೆ ಕಡತದ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡವೆಂದು ಬಗೆದು ಕಲಸುತ್ತವೆ. ಅರ್ಕಾವೊತ್ತಿನದು ಇನ್ನೊಂದು ಕಥೆ. ಹಳೆಯ ಫಾಂಟಿನಲ್ಲಿ ‘ಯಲಬುರ್ಗಾ’ ಎಂದರೆ ಮೊದಲು ಗಾ, ಅದರ ಹಿಂದೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ರ ಮೊದಲು, ಗ ಆಮೇಲೆ. ಪರಿವರ್ತಕ ಆ ರೇಫವನ್ನು ಎತ್ತಿ ಮುಂದಕ್ಕೆ ತರಬೇಕು. ಎಲ್ಲಿಗೆ ತರಬೇಕೆಂಬುದನ್ನು ತಪ್ಪಿದರೆ ಊರ ಹೆಸರೇ ಮುರಿಯುತ್ತದೆ.

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಶಾಸನವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬೆಳಕಿಗೆ ಬಂದದ್ದು 1931ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ. ಮರುವರ್ಷವೇ ಆರ್.ಎಲ್. ಟರ್ನರ್ ಅದರ ಪಾಠ ಪ್ರಕಟಿಸಿದರು. ಓದಲು ಸಾಧ್ಯವಾದದ್ದು, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಪಟ್ಟಿಯನ್ನು ಬಿಡಿಸಿಟ್ಟಿದ್ದರಿಂದ. ಸಮೀಪದ ಪಾಲ್ಕಿಗುಂಡಿನ ಶಾಸನ ಬಹಳ ಸವೆದಿದೆ. ಆದರೂ ಗವಿಮಠದ ಪಾಠ ಪಕ್ಕದಲ್ಲಿಟ್ಟರೆ ಅಳಿದುಳಿದ ಅಕ್ಷರಗಳ ಗುರುತು ಹತ್ತುತ್ತದೆ. ನುಡಿ, ಶ್ರೀಲಿಪಿಗಳ ಕಡತಗಳಿಗೂ ಇಂಥ ಪಟ್ಟಿಗಳಿವೆ. ಯಾವ ಫಾಂಟೆಂದೇ ನಮೂದಾಗದ ಕಡತವನ್ನು ಕಾಗದದ ಮೇಲೆ ಅಚ್ಚಾದ ಒಂದು ಪ್ರತಿ ಉಳಿದಿದ್ದರೆ ಅದರೊಡನೆ ಸಾಲುಸಾಲಾಗಿ ಹೋಲಿಸಿ ಬಿಡಿಸಬೇಕು. ಅಂಥ ಪ್ರತಿಗಳು ಮುದ್ರಣಾಲಯಗಳ ಅಟ್ಟದಿಂದ ರದ್ದಿಗೆ ಹೋಗುತ್ತಿವೆ.