ಅತ್ತಿ ಓದಿ ಹೇಳಿದ ಅತ್ತಿ ಕತಿ: ನಟಿ ಭಾನುಮತಿ ನಿರ್ದೇಶಕಿ, ಲೇಖಕಿ ಆದದ್ದು

ಹೋದ ವಾರ ಉಪ್ಪಿನಕಾಯಿ ಭರಣಿ ತೊಳೆದು ಬಿಸಿಲಿಗೆ ಇಟ್ಟಿದ್ದೆ. ಮಾವಿನಕಾಯಿ ಇನ್ನೂ ತಂದಿಲ್ಲ. ಖಾಲಿ ಭರಣಿ ನೋಡಿದ್ರ ನನಗ ನಮ್ಮತ್ತಿ ನೆನಪಾಗ್ತಾರ, ನಮ್ಮತ್ತಿ ಹಿಂದೇನ ಭಾನುಮತಿ ನೆನಪಾಗ್ತಾರ. ಅದೇನು ಸಂಬಂಧ ಅಂತೀರಾ? ನಾನು ಮದುವಿ ಆಗಿ ಬಂದ ಹೊಸದಾಗಿ ನಮ್ಮತ್ತಿ ಒಂದಿನ "ಭರಣಿಯವರ ಪಿಚ್ಚರ್ ಅಂದ್ರ ಪಿಚ್ಚರ್ ನೋಡು" ಅಂದ್ರು. ನಾನು ಉಪ್ಪಿನಕಾಯಿ ಭರಣಿಗೂ ಪಿಚ್ಚರಿಗೂ ಏನು ಅಂತ ಕಣ್ಣು ಕಣ್ಣು ಬಿಟ್ಟೆ. ಅವರು ನಕ್ಕಿದ್ದೇ ನಕ್ಕಿದ್ದು. ಭರಣಿ ಅಂದ್ರ ನಟಿ ಭಾನುಮತಿಯವರ ಒಬ್ಬನೇ ಮಗನ ಹೆಸರು. ಆ ಹೆಸರಿಟ್ಟೇ ಗಂಡ ಹೆಂಡತಿ ಮದ್ರಾಸಿನಾಗ ಸಿನಿಮಾ ಕಂಪನಿ ಮಾಡಿದ್ರು, ಸ್ಟುಡಿಯೋ ಕಟ್ಟಿದ್ರು.

ನಮ್ಮತ್ತಿ ತವರು ಆದೋನಿ. ಈಗ ಅದು ಆಂಧ್ರ ಅಂತೀವಿ, ಆದ್ರ ಅವರು ಹುಟ್ಟಿದಾಗ ಅದು ಬಳ್ಳಾರಿ ಜಿಲ್ಲಾದಾಗೇ ಇತ್ತು, ಎಲ್ಲಾ ಸೇರಿ ಮದ್ರಾಸ್ ಪ್ರಾಂತ. ಮನಿಯಾಗ ತೆಲುಗು, ಬಜಾರಿನಾಗ ಕನ್ನಡ. ನಾನು ಚಿತ್ರದುರ್ಗದ ಕಡಿಯಾಕಿ, ನನಗ ತೆಲುಗು ಕೇಳಿದ್ರ ಅಷ್ಟಿಷ್ಟು ತಿಳೀತಿತ್ತು, ಅಕ್ಷರ ಬರ್ತಿರಲಿಲ್ಲ. ಹಂಗಾಗಿ ಭಾನುಮತಿ ಬಗ್ಗೆ ನಾನು ಮೊದಲು ತಿಳಕೊಂಡದ್ದೆಲ್ಲ ನಮ್ಮತ್ತಿ ಬಾಯಿಂದ. ಆಮ್ಯಾಲೆ ನಾನೂ ಹುಡುಕಿ ಓದಿದೆ, ಮಗಳ ಮೊಬೈಲಿನಾಗ ಹಳೇ ಪಿಚ್ಚರ್ ನೋಡಿದೆ.

ಭಾನುಮತಿಯವರು ಹುಟ್ಟಿದ್ದು 1925ರ ಸೆಪ್ಟೆಂಬರ್ 7ಕ್ಕ, ಒಂಗೋಲು ಹತ್ತಿರದ ದೊಡ್ಡವರಂ ಅನ್ನೋ ಹಳ್ಳಿಯಾಗ. ತಂದಿ ಬೊಮ್ಮರಾಜು ವೆಂಕಟಸುಬ್ಬಯ್ಯನವರಿಗೆ ಸಂಗೀತದ ಹುಚ್ಚು, ಮಗಳಿಗೆ ತಾವೇ ಪಾಠ ಹೇಳಿದ್ರು. 1939ರಾಗ, ಇನ್ನೂ ಹದಿನಾಲ್ಕು ತುಂಬಿರಲಿಲ್ಲ, 'ವರ ವಿಕ್ರಯಂ' ಅನ್ನೋ ಪಿಚ್ಚರಿನಾಗ ಪಾರ್ಟು ಮಾಡಿದ್ರು. ಅದು ವರದಕ್ಷಿಣಿ ಕತಿ. ಮುದುಕನಿಗೆ ಕಟ್ಟಿಬಿಡ್ತಾರ ಅಂತ ಜೀವಾನೇ ಬಿಡೋ ಹುಡುಗಿ ಕಾಳಿಂದಿ, ಅದೇ ಇವರ ಪಾರ್ಟು. ಕ್ಯಾಮೆರಾ ಮುಂದ ನಿಂತ ಮೊದಲನೇ ಸಲಾನೇ ಇಂಥ ಕತಿ ಬಂತು ನೋಡ್ರಿ.

1943ರಾಗ 'ಕೃಷ್ಣ ಪ್ರೇಮ' ಮಾಡುವಾಗ ಅಲ್ಲಿ ಸಹಾಯಕ ನಿರ್ದೇಶಕರಾಗಿದ್ದ ರಾಮಕೃಷ್ಣರಾವ್ ಅವರನ್ನ ಮೆಚ್ಚಿದ್ರು. ತಂದಿಗೆ ಒಪ್ಪಿಗಿ ಇರಲಿಲ್ಲ. ಆದರೂ ಅದೇ ವರ್ಷ ಆಗಸ್ಟ್ ತಿಂಗಳಾಗ ಮದುವಿ ಆದ್ರು. ಆದಮ್ಯಾಲೆ ಸಿನಿಮಾ ಸಾಕು, ಮನಿ ನಡೆಸಿಕೊಂಡು ಇರ್ತೀನಿ ಅಂತ ಬಿಟ್ಟೂ ಬಿಟ್ರು. ನಮ್ಮಂಥೋರ ಕತಿ ಆಗಿದ್ರ ಅಲ್ಲಿಗೆ ಮುಗೀತಿತ್ತು.

ಆದ್ರ ಬಿ.ಎನ್. ರೆಡ್ಡಿಯವರು ಬಿಡಲಿಲ್ಲ. 'ಸ್ವರ್ಗಸೀಮ' ಪಿಚ್ಚರಿಗೆ ಇವರೇ ಬೇಕು ಅಂತ ಮನಿಗೆ ಬಂದು ಒಪ್ಪಿಸಿದ್ರು. 1945ರಾಗ ಬಂತು. ಬೀದಿಯಾಗ ಆಡಿ ಹಾಡೋ ಹುಡುಗಿ ನಾಟಕದ ತಾರೆ ಆಗಿ, ಹೆಂಡತಿ ಮಕ್ಕಳಿದ್ದ ಗಂಡಸಿನ ಸಂಸಾರ ಒಡೆಯೋ ಪಾರ್ಟು. ಗರತಿ ಹೆಣ್ಣಮಗಳು ಇಂಥ ಪಾರ್ಟು ಮಾಡಬಹುದಾ ಅಂತ ಜನ ಅಂದಿರಬೇಕು. ಆದ್ರ ಅದರಾಗಿನ ಪಾರಿವಾಳದ ಹಾಡು ಮನಿ ಮನಿಗೂ ಹೋತು. ಅಲ್ಲಿಂದ ಹಿಂದಕ್ಕ ನೋಡಲಿಲ್ಲ. ಭರಣಿ ಪಿಕ್ಚರ್ಸ್ ಹೆಸರಿನಾಗ ಮೊದಲು 'ರತ್ನಮಾಲ', 1949ರಾಗ 'ಲೈಲಾ ಮಜ್ನು'. ಗಂಡ ನಿರ್ದೇಶನ, ಹೆಂಡತಿ ನಟನಿ ಮತ್ತು ಹಾಡು. ಆಯಮ್ಮ ಬ್ಯಾರೆಯವರ ಕಂಠ ಇಟ್ಟುಕೊಂಡಾಕಿ ಅಲ್ಲ, ತನ್ನ ಹಾಡು ತಾನೇ ಹಾಡ್ತಿದ್ರು.

1951ರ 'ಮಲ್ಲೀಶ್ವರಿ' ಬಗ್ಗೆ ಎರಡು ಮಾತು ಹೆಚ್ಚು ಬರೀತೀನಿ, ಯಾಕಂದ್ರ ಅದು ನಮ್ಮ ಹಂಪಿ ಕತಿ. ಕೃಷ್ಣದೇವರಾಯರ ಕಾಲ. ಮಲ್ಲಿ, ನಾಗರಾಜು ಅಂತ ಸೋದರಮಾವನ ಮಕ್ಕಳ ಹಂಗ ಕೂಡಿ ಬೆಳೆದ ಜೋಡಿ. ಮಳಿ ಬಂತು ಅಂತ ಮಂಟಪದಾಗ ನಿಂತಾಗ ಹುಡುಗ ಚ್ಯಾಷ್ಟಿಗೆ ಒಬ್ಬ ದಾರಿಹೋಕನಿಗೆ, ರಾಯರಿಗೆ ಹೇಳಿ ಈಕಿಗೆ ಪಲ್ಲಕ್ಕಿ ಕಳಿಸ್ರಿ ಅಂತಾನ. ಆ ದಾರಿಹೋಕ ಮಾರುವೇಷದ ರಾಯರೇ! ಪಲ್ಲಕ್ಕಿ ಖರೇನ ಬಂದುಬಿಡ್ತೈತಿ. ಅರಮನಿ ಒಳಗ ಹೋದ ಹುಡುಗಿ ಹೊರಗ ಬರೋ ಹಂಗಿಲ್ಲ. ತಾಯಿಗೆ ಬಂಗಾರದ ಆಸಿ, ಕಳಿಸಿಬಿಡ್ತಾಳ. ಎನ್.ಟಿ. ರಾಮರಾವ್ ನಾಗರಾಜು, ಭಾನುಮತಿ ಮಲ್ಲಿ. ಈ ಪಿಚ್ಚರ್ ನಮ್ಮತ್ತಿ ಹುಡುಗಿ ಇದ್ದಾಗ ನೋಡಿದ್ದರಂತ. ಪಲ್ಲಕ್ಕಿ ಹೊರಡೋ ಸೀನು ಹೇಳುವಾಗ ಮುದುಕಿ ಆದಮ್ಯಾಲೂ ಕಣ್ಣಾಗ ನೀರು ತರ್ತಿದ್ರು.

ಈಗ ನಿರ್ದೇಶನದ ಮಾತು. 1953ರಾಗ ಭಾನುಮತಿಯವರು 'ಚಂಡೀರಾಣಿ' ತಾವೇ ನಿರ್ದೇಶಿಸಿದರು. ಕತಿ ಅವರದೇ, ಕಂಪನಿ ಅವರದೇ. ಅವಳಿ ಜವಳಿ ಅಕ್ಕತಂಗ್ಯಾರಾಗಿ ಎರಡೂ ಪಾರ್ಟು ಅವರದೇ. ಅದೂ ತೆಲುಗು, ತಮಿಳು, ಹಿಂದಿ ಮೂರು ಭಾಷಾದಾಗ. ಈಗಿನಂಗ ಡಬ್ಬಿಂಗ್ ಮಾಡಿ ಬಿಡೋದಲ್ಲ, ಒಂದೇ ಸೀನು ಒಂದೊಂದು ಭಾಷಾಕ್ಕ ಬ್ಯಾರೆ ಬ್ಯಾರೆ ತೆಗೀಬೇಕಿತ್ತು. ಇಬ್ಬರೂ ಅಕ್ಕತಂಗ್ಯಾರು ಒಂದೇ ಸೀನಿನಾಗ ಕಾಣಬೇಕಂದ್ರ, ಆ ಕಾಲದಾಗ ಕ್ಯಾಮೆರಾದ ಅರ್ಧ ಮುಚ್ಚಿ ಒಂದು ಕಡಿ ತೆಗೆದು, ರೀಲು ಹಿಂದಕ್ಕ ಸುತ್ತಿ, ಇನ್ನೊಂದು ಅರ್ಧ ಮುಚ್ಚಿ ಮತ್ತ ತೆಗೀತಿದ್ರು. ಕೂದಲೆಳಿಯಷ್ಟು ತಪ್ಪಿದ್ರೂ ಎಲ್ಲಾ ಕೆಟ್ಟಂಗ. ಮನಿಯಾಗ ಸಣ್ಣ ಮಗ. ಒಂದು ಒಲಿ ಮ್ಯಾಲೆ ಹಾಲು, ಇನ್ನೊಂದರ ಮ್ಯಾಲೆ ಒಗ್ಗರಣಿ ಇಟ್ಟು ಬಾಗಿಲಿಗೆ ಓಡೋ ನಮಗ ಈ ಲೆಕ್ಕ ತಿಳೀತೈತಿ.

ಅದೇ ವರ್ಷ ಅಕ್ಟೋಬರ್ 1ಕ್ಕ ಆಂಧ್ರ ರಾಜ್ಯ ಆತು. ನಮ್ಮ ಜಿಲ್ಲಾ ಒಡೀತು. ಆದೋನಿ, ಆಲೂರು, ರಾಯದುರ್ಗ ಆ ಕಡಿಗೆ ಹೋದ್ವು, ಬಳ್ಳಾರಿ ಮೈಸೂರಿಗೆ ಬಂತು. ನಮ್ಮತ್ತಿ ತವರು ಕುಂತಲ್ಲೇ ಪರರಾಜ್ಯ ಆತು. "ಚಂಡೀರಾಣಿ ಬಂದ ವರ್ಷ ನಮ್ಮನ್ನ ಹಂಚಿದ್ರು" ಅಂತಿದ್ರು ಅವರು. ಅವರಿಗೆ ಇಸವಿ ನೆನಪಿರ್ತಿರಲಿಲ್ಲ, ಪಿಚ್ಚರ್ ನೆನಪಿರ್ತಿದ್ವು.

ಭಾನುಮತಿಯವರೇ ಮೊದಲನೇಯವರಲ್ಲ. ಅವರಿಗಿಂತ ಮೊದಲೇ ತಮಿಳಿನ ನಟಿ ಟಿ.ಪಿ. ರಾಜಲಕ್ಷ್ಮಿ 1936ರಾಗ ತಮ್ಮದೇ ಕಾದಂಬರಿ ಇಟ್ಟುಕೊಂಡು 'ಮಿಸ್ ಕಮಲಾ' ಮಾಡಿದ್ರು. ನಮ್ಮ ಕನ್ನಡದಾಗ ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ತೆಗೆಯುವ ಹೊತ್ತಿಗೆ 1983 ಆಗಿತ್ತು. ಚಂಡೀರಾಣಿ ಆಗಿ ಮೂವತ್ತು ವರ್ಷ. ಹೆಣ್ಣಮಕ್ಕಳಿಗೆ ಈ ಕುರ್ಚಿ ಎಷ್ಟು ತಡಾ ಸಿಗ್ತು ಅಂತ ಲೆಕ್ಕ ಹಾಕ್ರಿ.

ಇನ್ನ 'ಮಿಸ್ಸಮ್ಮ' ಜಗಳ. 1955ರಾಗ ಬಂದ ಈ ಪಿಚ್ಚರಿಗೆ ಮೊದಲು ನಾಯಕಿ ಭಾನುಮತಿಯವರೇ ಇದ್ರು. ಒಂದಿನ ವರಮಹಾಲಕ್ಷ್ಮಿ ಪೂಜಿ ಮುಗಿಸಿಕೊಂಡು ತಡಾ ಮಾಡಿ ಸೆಟ್ಟಿಗೆ ಹೋದ್ರಂತ. ನಿರ್ಮಾಪಕ ಚಕ್ರಪಾಣಿಯವರು ಕ್ಷಮಾಪಣಿ ಬರೆದು ಕೊಡ್ರಿ ಅಂದ್ರಂತ. ಇವರು ಕೊಡಲಿಲ್ಲ. ತೆಗೆದಿದ್ದ ರೀಲು ಸುಟ್ಟು ಆ ಪಾರ್ಟು ಸಾವಿತ್ರಿಯವರಿಗೆ ಕೊಟ್ಟರು, ಸಾವಿತ್ರಿಯವರಿಗೆ ಅದರಿಂದ ದೊಡ್ಡ ಹೆಸರು ಬಂತು. ನಾನು ಮೊದಲು ಕೇಳಿದಾಗ, ಒಂದು ಮಾತು ತಪ್ಪಾತು ಅಂದಿದ್ರ ಗಂಟು ಹೋಗ್ತಿತ್ತಾ ಅಂದೆ. ನಮ್ಮತ್ತಿ, "ಆಯಮ್ಮಗ ಸ್ವಂತ ಸ್ಟುಡಿಯೋ ಇತ್ತೇ, ಅದಕ್ಕ ಅನ್ನಲಿಲ್ಲ. ಇಲ್ಲದೋರು ಅಂತಾರ" ಅಂದ್ರು. ಆ ಮಾತು ನನಗ ಮರೆತಿಲ್ಲ.

ಬರವಣಿಗಿ ಅವರಿಗೆ ಸಣ್ಣಾಕಿ ಇದ್ದಾಗಿಂದ ಇತ್ತು. ಹೆಸರು ತಂದದ್ದು 'ಅತ್ತಗಾರಿ ಕಥಲು', ಅಂದ್ರ ಅತ್ತಿ ಕತಿಗಳು. ಸೊಸಿ ಕತಿ ಹೇಳ್ತಾಳ. ಅತ್ತಿ ಮಡಿಯಾಕಿ, ಹಠದಾಕಿ, ಬಿಗಿ ಕೈಯಾಕಿ, ಆದ್ರ ಲೋಕ ತಿಳೀದ ಪಾಪದಾಕಿ. ಆವಕಾಯಿ ಉಪ್ಪಿನಕಾಯಿ ಹಾಕೋದೂ ಒಂದು ದೊಡ್ಡ ಕತಿ ಅಲ್ಲಿ. ತೆಲುಗು ಪಿಚ್ಚರಿನಾಗ ಅತ್ತಿ ಅಂದ್ರ ಸೂರ್ಯಕಾಂತಂ. ನಮ್ಮ ಕನ್ನಡದ 'ಮನೆ ತುಂಬಿದ ಹೆಣ್ಣು' ನೋಡಿ ಮಾಡಿದ 'ಗುಂಡಮ್ಮ ಕಥಾ'ದಾಗ ನೋಡ್ರಿ, ಬೈಗುಳದ ಬಾಯಿ. ಭಾನುಮತಿಯವರ ಅತ್ತಿ ಹಂಗಲ್ಲ. ಸೊಸಿ ಎದುರಾಡೋದಿಲ್ಲ, ಅತ್ತಿನ ರಾಕ್ಷಸಿ ಮಾಡೋದಿಲ್ಲ. ನಗ್ತಾ ನಗ್ತಾನೇ ಎಲ್ಲಾ ಹೇಳಿಬಿಡ್ತಾಳ. ಆಂಧ್ರ ಪ್ರದೇಶ ಸಾಹಿತ್ಯ ಅಕಾಡೆಮಿ ಆ ಪುಸ್ತಕಕ್ಕ ಪ್ರಶಸ್ತಿ ಕೊಡ್ತು.

ಆ ಪುಸ್ತಕ ನಮ್ಮ ಮನಿಯಾಗ ಇತ್ತು, ರಟ್ಟು ಕಿತ್ತು ಹೋಗಿತ್ತು. ಮಧ್ಯಾಹ್ನ ಊಟ ಆಗಿ, ಮುಸುರಿ ತೊಳೆದು, ನಾನು ಸಜ್ಜಿ ಹಸನ ಮಾಡ್ತಾ ಕುಂತ್ರ ನಮ್ಮತ್ತಿ ಕಂಬಕ್ಕ ಆತು ಒಂದೊಂದು ಸಾಲು ತೆಲುಗಿನಾಗ ಓದಿ ಕನ್ನಡದಾಗ ಹೇಳ್ತಿದ್ರು. ಅತ್ತಿ ಬೇಸ್ತು ಬೀಳೋ ಕತಿ ಅತ್ತಿಯೇ ಓದಿ ಸೊಸಿಗೆ ಹೇಳೋದು! ನಕ್ಕು ನಕ್ಕು ಕೆಮ್ಮು ಬರ್ತಿತ್ತು ಅವರಿಗೆ. ಆಮ್ಯಾಲೆ ಕನ್ನಡಕ ತೆಗೆದು, "ನಾನು ಹಿಂಗೇನೂ ಇಲ್ಲಲ್ಲೇ?" ಅಂತ ಕೇಳ್ತಿದ್ರು. "ಇಲ್ಲ ಬಿಡ್ರಿ ಅತ್ತಿ" ಅಂತಿದ್ದೆ. ಇದ್ರು. ಇಬ್ಬರಿಗೂ ಗೊತ್ತಿತ್ತು.

ನಾನು ಪಿಯುಸಿ ಪಾಸಾಗಿ ಬಂದಾಕಿ. ಮದುವಿ ಆದ ವರ್ಷ ನನಗ ಟಿ.ಸಿ.ಎಚ್. ಸೀಟು ಸಿಕ್ಕಿತ್ತು. ಮನಿ ಕೆಲಸ ಯಾರು ಮಾಡಬೇಕು ಅಂತ ಕಳಿಸಲಿಲ್ಲ. ಹಾಗಂದವರು ನಮ್ಮತ್ತಿನೇ. ಎಷ್ಟೋ ವರ್ಷ ಅದು ನನ್ನ ಹೊಟ್ಟ್ಯಾಗ ಇತ್ತು. ಒಂದಿನ ಕತಿ ಓದಿ ಮುಗಿಸಿ, ಪುಸ್ತಕ ಮಡಚಿ, ನನ್ನ ಮುಖ ನೋಡದೇ ಅಂದ್ರು: "ಆಗ ನಿನ್ನ ಕಳಿಸಬೇಕಿತ್ತು. ಮನಿ ಹೆಂಗೋ ನಡೀತಿತ್ತು." ನಾನು ಏನೂ ಅನ್ನಲಿಲ್ಲ. ಮೊರದಾಗಿನ ಸಜ್ಜಿ ಮತ್ತೊಂದು ಸಲ ಕೇರಿದೆ. ಸಿಟ್ಟು ಪೂರಾ ಹೋತು ಅಂದ್ರ ಸುಳ್ಳಾಗ್ತೈತಿ. ಆದ್ರ ಆವತ್ತಿಂದ ಅದು ನನ್ನೊಬ್ಬಾಕಿ ಹತ್ತಿರ ಇರಲಿಲ್ಲ, ಅವರ ಹತ್ತಿರಾನೂ ಅರ್ಧ ಇತ್ತು.

ಭಾನುಮತಿಯವರು ಮುಂದ 1966ರ 'ಪಲ್ನಾಟಿ ಯುದ್ಧಂ'ದಾಗ ಮಂತ್ರಿಣಿ ನಾಗಮ್ಮ ಆದ್ರು, ಅದೇ ವರ್ಷ ಪದ್ಮಶ್ರೀ ಬಂತು. 1970ರ ನಂತರ 'ಅಂತಾ ಮನ ಮಂಚಿಕೇ', 'ಅಮ್ಮಾಯಿ ಪೆಳ್ಳಿ' ನಿರ್ದೇಶಿಸಿದರು. 1982ರಾಗ 'ಭಕ್ತ ಧ್ರುವ ಮಾರ್ಕಂಡೇಯ' ಮಾಡಿದ್ರು, ಅದರಾಗ ಬರೀ ಸಣ್ಣ ಮಕ್ಕಳೇ ಪಾರ್ಟು ಮಾಡ್ಯಾರ. ಮದ್ರಾಸಿನ ಸರ್ಕಾರಿ ಸಂಗೀತ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ರು. 1984ರ 'ಮಂಗಮ್ಮಗಾರಿ ಮನವಡು'ದಾಗ ಅಜ್ಜಿ ಆಗಿ ಮೊಮ್ಮಗನ ವಯಸ್ಸಿನೋರ ಎದುರು ಗದರಿ ನಿಂತ್ರು. 1986ರಾಗ ಗಂಡ ತೀರಿಕೊಂಡ್ರು. 'ನಾಲೋ ನೇನು' ಅಂತ ಆತ್ಮಕತಿ ಬರೆದ್ರು, ಅದಕ್ಕ ರಾಷ್ಟ್ರಪ್ರಶಸ್ತಿ ಸಿಕ್ತು. 2001ರಾಗ ಪದ್ಮಭೂಷಣ. 2005ರ ಡಿಸೆಂಬರ್ 24ಕ್ಕ ಚೆನ್ನೈದಾಗ ಹೋದ್ರು.

ಆಯಮ್ಮನ ಹಂಗ ಎಲ್ಲರಿಗೂ ಆಗೋದಿಲ್ಲ. ಹಾಡು ಕಲಿಸಿದ ಅಪ್ಪ, ಜೊತಿಗೆ ನಿಂತ ಗಂಡ, ಮನಿಗೆ ಬಂದು ಕರೆದ ನಿರ್ದೇಶಕರು, ಕೈಯಾಗ ದುಡ್ಡು, ಎಲ್ಲಾ ಇತ್ತು. ಬರೀ ಧೈರ್ಯದಿಂದ ಆತು ಅಂತ ನಮ್ಮ ಹುಡುಗ್ಯಾರಿಗೆ ಹೇಳಿದ್ರ ಅದು ಅರ್ಧ ಮಾತು. ಕಳಿಸೋರು ಬೇಕು, ಕರೆಯೋರು ಬೇಕು. ಅದಕ್ಕೇ ಇಷ್ಟೆಲ್ಲಾ ಬರೆದೆ. ನಮ್ಮ ಪೈಕಿ ಈಗ ಮೂರು ನಾಲ್ಕು ಮನಿಯಾಗ ಹೊಸ ಸೊಸ್ತ್ಯಾರು ಬಂದಾರ. ಒಬ್ಬಾಕಿಗೆ ಬಿ.ಎಡ್. ಅರ್ಧ ಉಳಿದೈತಿ ಅಂತ ಕೇಳಿದೆ. ಯಾರು ಅಂತ ನಿಮಗ ಗೊತ್ತು. ಆಕಿ ಅತ್ತಿನೂ ಇದನ್ನ ಓದ್ತಾರ. ಅಕ್ಕಾ, ಕಳಿಸಿಬಿಡು. ಮನಿ ಹೆಂಗೋ ನಡೀತೈತಿ. ಉಪ್ಪಿನಕಾಯಿ ಹಾಕೋ ದಿನ ಕೆಲಸ ಜಾಸ್ತಿ ಆದ್ರ ನನಗ ಫೋನ್ ಮಾಡು, ನಮ್ಮ ಭರಣಿ ಹೊತ್ತುಕೊಂಡು ನಿಮ್ಮ ಮನಿಗೇ ಬರ್ತೀನಿ, ಕೂಡೇ ಹಾಕೋಣ.