ಗವಿಮಠದ ಬಂಡೆ ಮೇಲೊಂದು ‘ನಾನು’

ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬನಿಗೆ ಮೋಸ ಮಾಡಿದ್ದೆ (ಏನಂತ ಕೇಳಬೇಡಿ!). ಕಳೆದ ಸಲ ಅಳವಂಡಿಗೆ ಹೋದಾಗ ಸಿಕ್ಕಿದ. ಚಹಾ ಕುಡೀತಾ, “ಮಾಫಿ ಮಾಡಪಾ, ಆಗಿನ ನಾನs ಬ್ಯಾರೆ, ಈಗಿನ ನಾನs ಬ್ಯಾರೆ” ಅಂದೆ. ಅವನು ನಕ್ಕು, “ಹಂಗಾದ್ರ ಈಗ ಮಾಫಿ ಕೇಳಾಕತ್ತಾವ ಯಾವನಲೇ?” ಅಂದ. ಉತ್ತರ ಹೊಳೀಲಿಲ್ಲ.

ಮರುದಿನ ಕೊಪ್ಪಳದಲ್ಲಿ ರೈಲಿಗಿನ್ನೂ ಹೊತ್ತಿತ್ತು. ಗವಿಮಠದ ಗುಡ್ಡ ಹತ್ತಿದೆ. 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಅಲ್ಲಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರಲ್ಲಿ ರಾಜ ಹೇಳಿಕೊಳ್ಳೋದಿಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯ್ತು, ಮೊದಮೊದಲು ಅಷ್ಟೇನೂ ಪ್ರಯತ್ನ ಮಾಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷದಿಂದ ಚೆನ್ನಾಗಿ ಮಾಡ್ತಿದ್ದೇನೆ. ಸೋಮಾರಿಯೂ ‘ನಾನು’, ಬದಲಾದವನೂ ‘ನಾನು’!

ತಮಾಷೆ ನೋಡಿ, ಈ ಶಾಸನದಲ್ಲಿ ಅಶೋಕ ಅನ್ನೋ ಹೆಸರೇ ಇಲ್ಲ, ಬರೀ ‘ದೇವಾನಾಂಪ್ರಿಯ’. ಆ ದೇವಾನಾಂಪ್ರಿಯನೇ ಅಶೋಕ ಅಂತ ಶಾಸನವೊಂದು ಬಾಯಿಬಿಟ್ಟು ಹೇಳಿದ್ದು 1915ರಲ್ಲಿ, ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಆದರೆ ಅವನು ನಂಬಿದ ಬೌದ್ಧ ಧರ್ಮ ಶಾಶ್ವತ ಆತ್ಮ ಅನ್ನೋದನ್ನೇ ಒಪ್ಪೋದಿಲ್ಲವಲ್ಲ? ಹಾಗಿದ್ರೆ ತಪ್ಪು ಯಾರ ತಲೆಗೆ? ಮುಂದೆ ‘ಮಿಲಿಂದಪನ್ಹ’ದಲ್ಲಿ ಇದೇ ಪ್ರಶ್ನೆ ಬರುತ್ತೆ. ಭಿಕ್ಷು ನಾಗಸೇನ ಗ್ರೀಕ್ ಅರಸ ಮಿಲಿಂದನಿಗೆ ಮಾವಿನಹಣ್ಣಿನ ಕಳ್ಳನ ಕಥೆ ಹೇಳ್ತಾನೆ. ‘ಇವನು ನೆಟ್ಟ ಹಣ್ಣೇ ಬೇರೆ, ನಾನು ಕಿತ್ತ ಹಣ್ಣೇ ಬೇರೆ’ ಅಂತ ಕಳ್ಳ ವಾದ ಮಾಡಿದರೆ ಬಿಡ್ತಾರಾ? ಬಿಡೋದಿಲ್ಲ, ಯಾಕಂದ್ರೆ ಇದು ಹುಟ್ಟಿದ್ದೇ ಅದರಿಂದ. ಮನುಷ್ಯನೂ ಅಷ್ಟೇ: ಅದೇ ಅಲ್ಲ, ಬೇರೆಯೂ ಅಲ್ಲ. ನಾನು ಹೂಡಿದ್ದು ಈ ಕಳ್ಳನ ವಾದವನ್ನೇ ಅಲ್ವಾ!

ಅಶೋಕ ಆ ವಾದ ಹೂಡಲಿಲ್ಲ. ಪಟ್ಟಾಭಿಷೇಕವಾದ 8 ವರ್ಷಕ್ಕೆ ಕಳಿಂಗವನ್ನು ಗೆದ್ದ. 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು ಅಂತ 13ನೇ ಬಂಡೆಶಾಸನದಲ್ಲಿ ತಾನೇ ಲೆಕ್ಕ ಕೊಟ್ಟು ಪಶ್ಚಾತ್ತಾಪ ಪಡ್ತಾನೆ. ಗೆದ್ದವನು ಬೇರೆ ಯಾರೋ ಅನ್ನೋದಿಲ್ಲ.

ಒಂದೇ ಕೊರತೆ. ಕಳಿಂಗದಲ್ಲೇ ಇರುವ ಧೌಲಿ, ಜೌಗಡದ ಬಂಡೆಗಳಲ್ಲಿ ಆ 13ನೇ ಶಾಸನವನ್ನೇ ಕೆತ್ತಿಸಲಿಲ್ಲ. ‘ಎಲ್ಲ ಜನರೂ ನನ್ನ ಮಕ್ಕಳು’ ಅನ್ನೋ ಅರ್ಥದ ಬೇರೆ ಶಾಸನಗಳು ಅಲ್ಲಿವೆ. ಊರಿಗೆಲ್ಲ ಹೇಳಿದ ತಪ್ಪನ್ನು, ನೊಂದವರ ಎದುರಿಗೆ ಮಾತ್ರ ಹೇಳಲಿಲ್ಲ...

ನಾನೂ ಈಗ ಅದನ್ನೇ ಮಾಡ್ತಿದ್ದೀನಿ. ನಿಮಗೆಲ್ಲ ಹೇಳಾಯ್ತು. “ಮಾಡಿದಾವ ನಾನs” ಅನ್ನೋ ಮಾತು ಅವನಿಗೇ ಹೇಳೋದು ಬಾಕಿ. ಮುಂದಿನ ಸಲ, ಅಳವಂಡಿಯಲ್ಲೇ.