ಮಹಾನಗರದ ಬೇಸಿಗೆ, ಶೆಟ್ಟಿಹಳ್ಳಿಯ ಚರ್ಚು

ಬೆಂಗಳೂರಿನ ಬೇಸಿಗೆಗೆ ತನ್ನದೇ ಆದ ಒಂದು ಪಂಚಾಂಗವಿದೆ. ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದಂತೆ ಚಾಮರಾಜಪೇಟೆಯಲ್ಲಿ ರಾಮನವಮಿಯ ಸಂಗೀತೋತ್ಸವಕ್ಕೆ ಚಪ್ಪರ ಏಳುತ್ತದೆ. ಬೀದಿ ಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಹಂಚುತ್ತಾರೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವು ಹಳೇ ಪೇಟೆಯ ಗಲ್ಲಿಗಳನ್ನು ಸುತ್ತಿ, ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಗೌರವ ಸಲ್ಲಿಸಿ ಮುಂದೆ ಹೋಗುತ್ತದೆ. ಮೇ ತಿಂಗಳು ಬಂದರೆ ಲಾಲ್‌ಬಾಗ್‌ನಲ್ಲಿ ಮಾವಿನ ಮೇಳ. ರಂಜಾನ್ ಬೇಸಿಗೆಯಲ್ಲೇ ಬಂದ ವರ್ಷಗಳಲ್ಲಿ ಶಿವಾಜಿನಗರ, ಫ್ರೇಜರ್ ಟೌನ್‌ಗಳ ಸಂಜೆಗಳು ಸಮೋಸ, ಹಲೀಮ್, ಖರ್ಜೂರದ ಅಂಗಡಿಗಳಿಂದ ತುಂಬಿಹೋಗುತ್ತವೆ. ಪತ್ರಿಕೆಗಳ ನಗರ ಪುಟಗಳಿಗೆ ಇವೆಲ್ಲ ವರ್ಷವರ್ಷದ ಸುದ್ದಿ.

ಈಚಿನ ದಶಕಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸುದ್ದಿ ಸೇರಿಕೊಂಡಿದೆ. ವಾರದ ಕೊನೆಗೆ ಎಲ್ಲಿಗೆ ಹೋಗೋಣ ಎಂದು ಕೇಳುವ ನಗರದ ಕುಟುಂಬಗಳಿಗಾಗಿ ಪ್ರತಿ ಬೇಸಿಗೆಯಲ್ಲೂ ಒಂದು ಚಿತ್ರ ಅಚ್ಚಾಗುತ್ತದೆ: ಒಣಗಿದ ಕೆರೆಯಂಗಳದಂತಹ ಬಯಲು, ಅದರ ನಡುವೆ ಚಾವಣಿಯಿಲ್ಲದ, ಕಮಾನು ಕಮಾನಾಗಿ ನಿಂತ ಒಂದು ಎತ್ತರದ ಕಟ್ಟಡ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯ ರೋಸರಿ ಚರ್ಚು ಅದು. ಮಳೆಗಾಲದಲ್ಲಿ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮುಳುಗುವ ಚರ್ಚು ಬೇಸಿಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅದೇ ಪತ್ರಿಕೆಯ ಮತ್ತೊಂದು ಮೂಲೆಯಲ್ಲಿ ನಲ್ಲಿಯಲ್ಲಿ ನೀರಿಲ್ಲದ ಬಡಾವಣೆಯ, ಟ್ಯಾಂಕರ್ ದರ ಏರಿದ ಸುದ್ದಿಯೂ ಇರುತ್ತದೆ. ಓದುಗರು ಇವೆರಡನ್ನೂ ಬೇರೆ ಬೇರೆಯಾಗಿ ಓದಿ ಪುಟ ತಿರುಗಿಸುತ್ತಾರೆ. ಆದರೆ ಇವೆರಡೂ ಒಂದೇ ಸುದ್ದಿ ಎಂಬುದು ನಮ್ಮ ಅಭಿಪ್ರಾಯ. ಅದನ್ನು ತಿಳಿಯಬೇಕಾದರೆ ಸ್ವಲ್ಪ ಇತಿಹಾಸಕ್ಕೆ ಹೋಗಬೇಕಾಗುತ್ತದೆ.

ಮೊದಲಿಗೆ ಚರ್ಚಿನ ವಿಷಯ. ಹಾಸನದ ಸುತ್ತಮುತ್ತ ಕನ್ನಡವನ್ನೇ ಮನೆಮಾತಾಗಿ ಉಳ್ಳ ಕ್ಯಾಥೊಲಿಕ್ ರೈತರ ಹಳ್ಳಿಗಳು ಹಿಂದಿನಿಂದಲೂ ಇವೆ. ಈ ಭಾಗದ ಕ್ರೈಸ್ತ ಇತಿಹಾಸದಲ್ಲಿ ತಪ್ಪದೆ ಕೇಳಿಬರುವ ಹೆಸರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರದು. 1792ರಲ್ಲಿ ಭಾರತಕ್ಕೆ ಬಂದ ಇವರು ಯುರೋಪಿನ ಉಡುಪು ಬಿಟ್ಟು ಇಲ್ಲಿನವರಂತೆ ಉಟ್ಟು, ಇಲ್ಲಿನ ಊಟವನ್ನೇ ಉಂಡು, ಮೂವತ್ತು ವರ್ಷ ದಕ್ಷಿಣ ಭಾರತದಲ್ಲಿ ಕಳೆದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಕೃಷಿ ವಸಾಹತನ್ನು ನೆಲೆಗೊಳಿಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿಗೆ ದಾಕು ಹಾಕಿಸುವ ಕೆಲಸದಲ್ಲಿ ಮುಂದಾಳಾಗಿ ನಿಂತರು. ಜನ ಇವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಭಾರತೀಯರ ಆಚಾರ ವಿಚಾರಗಳ ಬಗ್ಗೆ ಇವರು ಬರೆದ ಪುಸ್ತಕದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರಲ್ಲಿನ ಹಲವು ಅಭಿಪ್ರಾಯಗಳನ್ನು ನಾವು ಇಂದು ಒಪ್ಪಲಾರೆವು, ಅದು ಬೇರೆ ಮಾತು.

ಶೆಟ್ಟಿಹಳ್ಳಿಯ ಚರ್ಚನ್ನು ಕಟ್ಟಿಸಿದವರು ಇದೇ ದುಬ್ವಾ ಎಂದು ಪ್ರವಾಸಿಗರಿಗೆ ಹೇಳುವವರಿದ್ದಾರೆ. ಇದು ಸರಿಯಲ್ಲ. ದುಬ್ವಾ 1823ರಲ್ಲೇ ಭಾರತ ಬಿಟ್ಟು ಪ್ಯಾರಿಸಿಗೆ ಮರಳಿದರು, 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಚರ್ಚು ಎದ್ದದ್ದು 1860ರ ಸುಮಾರಿಗೆ, ಅವರ ನಂತರದ ಫ್ರೆಂಚ್ ಪಾದ್ರಿಗಳ ಕಾಲದಲ್ಲಿ. ಆ ಹೊತ್ತಿಗೆ ಸಕಲೇಶಪುರದ ಕಡೆ ಬ್ರಿಟಿಷರ ಕಾಫಿ ತೋಟಗಳು ಬೆಳೆಯುತ್ತಿದ್ದವು. ತೋಟದ ದೊರೆಗಳೂ ಪ್ರಾರ್ಥನೆಗೆ ಇಲ್ಲಿಗೆ ಬರುತ್ತಿದ್ದರು ಎನ್ನುತ್ತಾರೆ. ಇಟ್ಟಿಗೆ ಮತ್ತು ಗಾರೆಯಲ್ಲಿ ಕಟ್ಟಿದ, ಗಾಥಿಕ್ ಶೈಲಿಯ ಚೂಪು ಕಮಾನುಗಳ ಚರ್ಚು ಇದು. ಗಾರೆಗೆ ಬೆಲ್ಲ, ಕೋಳಿಮೊಟ್ಟೆ ಬೆರೆಸಿದ್ದರಿಂದಲೇ ನೀರಿನಲ್ಲಿ ಇಷ್ಟು ಕಾಲ ನಿಂತಿದೆ ಎಂಬುದು ಊರಿನ ಮಾತು. ಹಳೆಯ ಕಟ್ಟಡಗಳ ಬಗ್ಗೆ ಇಂತಹ ಮಾತು ನಮ್ಮ ನಾಡಿನಲ್ಲಿ ಎಲ್ಲೆಡೆ ಇದೆ. ಗಟ್ಟಿ ಗಾರೆಯನ್ನು ಕಂಡಲ್ಲೆಲ್ಲ ಜನ ಅದಕ್ಕೆ ಮೊಟ್ಟೆ, ಬೆಲ್ಲ ಉಣಿಸಿದ್ದಾರೆ.

ಇನ್ನು ಹೊಳೆಯ ವಿಷಯ. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರಗಳನ್ನು ಹಾದು, ಸುಮಾರು 245 ಕಿಲೋಮೀಟರ್ ಹರಿದು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಹೊಳೆಯ ದಂಡೆಯ ಬದುಕು ಕನ್ನಡಿಗರಿಗೆ ಹೊಸದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು 'ಹಳ್ಳಿಯ ಚಿತ್ರಗಳು' ಮುಂತಾದ ಪುಸ್ತಕಗಳಲ್ಲಿ ಇಲ್ಲಿನ ಬೆಸ್ತರು, ರೈತರು, ಜಾತ್ರೆ, ಜಗಳಗಳನ್ನು ನಾಡಿಗೆಲ್ಲ ಪರಿಚಯಿಸಿದರು. ಅಣೆಕಟ್ಟು ಬಂದದ್ದು ಅವರದೇ ಊರಾದ ಗೊರೂರಿನಲ್ಲಿ. 1904ರಲ್ಲಿ ಹುಟ್ಟಿ 1991ರವರೆಗೆ ಬದುಕಿದ್ದ ಅವರು, ತಾವು ಬರೆದ ಹೊಳೆ ಜಲಾಶಯವಾದದ್ದನ್ನು ಕಣ್ಣಾರೆ ನೋಡಿದರು.

ಅಣೆಕಟ್ಟು ಯಾಕೆ ಬಂತು? ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ 1924ರಲ್ಲಿ ಆದ ಕಾವೇರಿ ಒಪ್ಪಂದ ಮೈಸೂರಿನ ಕೈಕಾಲು ಕಟ್ಟಿತ್ತು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರ ಹಾರಂಗಿ, ಹೇಮಾವತಿ, ಕಬಿನಿ ಯೋಜನೆಗಳನ್ನು ಕೈಗೆತ್ತಿಕೊಂಡಾಗ ಕೇಂದ್ರದಿಂದ ಒಪ್ಪಿಗೆ ಸಿಗಲಿಲ್ಲ. ರಾಜ್ಯವು ತನ್ನದೇ ಹಣದಿಂದ ಕೆಲಸ ನಡೆಸಿತು. ಗೊರೂರಿನ ಅಣೆಕಟ್ಟು 1979ರಲ್ಲಿ ಸಿದ್ಧವಾಯಿತು. ಅದರ ಉದ್ದ 4,692 ಮೀಟರ್, ಪೂರ್ಣ ಮಟ್ಟ 2,922 ಅಡಿ, ಒಟ್ಟು ಸಂಗ್ರಹ ಸಾಮರ್ಥ್ಯ 37 ಟಿಎಂಸಿಯಷ್ಟು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಲಕ್ಷಾಂತರ ಎಕರೆಗೆ ನೀರುಣಿಸುವುದು ಇದರ ಗುರಿ. ಚನ್ನರಾಯಪಟ್ಟಣದ ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರಿನ ಬಯಲಿಗೆ ಹೇಮಾವತಿ ಹರಿದದ್ದು ಸಣ್ಣ ಸಾಧನೆಯೇನಲ್ಲ. ಈ ನೀರಿನಿಂದ ಹಸಿರಾದ ಹೊಲಗಳನ್ನು ಕಂಡವರು ಅಣೆಕಟ್ಟೇ ಬೇಡವಿತ್ತು ಎಂದು ಸುಲಭವಾಗಿ ಹೇಳಲಾರರು. ನಾವೂ ಹೇಳುವುದಿಲ್ಲ.

ಆದರೆ ಜಲಾಶಯ ಹರಡಿಕೊಂಡದ್ದು 8,500 ಹೆಕ್ಟೇರುಗಳಷ್ಟು ನೆಲದ ಮೇಲೆ, ಎಂದರೆ ಇಪ್ಪತ್ತು ಸಾವಿರ ಎಕರೆಗೂ ಮಿಕ್ಕಿ. ಅಲ್ಲಿ ಹೊಳೆ ದಂಡೆಯ ಫಲವತ್ತಾದ ಗದ್ದೆಗಳಿದ್ದವು, ಹಳ್ಳಿಗಳಿದ್ದವು, ಗುಡಿಗಳು, ಸ್ಮಶಾನಗಳು ಇದ್ದವು. ಶೆಟ್ಟಿಹಳ್ಳಿ ಅವುಗಳಲ್ಲಿ ಒಂದು. ಜನ ಮನೆಯ ತೊಲೆ, ಬಾಗಿಲು, ಹಂಚು ಕಿತ್ತುಕೊಂಡು ಎತ್ತರದ ಜಾಗಗಳಿಗೆ, ಬೇರೆ ತಾಲ್ಲೂಕುಗಳಿಗೆ ಹೋದರು. ಮಣ್ಣಿನ ಮನೆಗಳು ಒಂದೆರಡು ಮಳೆಗಾಲಕ್ಕೆ ಕರಗಿದವು. ಚರ್ಚು ಇಟ್ಟಿಗೆ ಗಾರೆಯದಾದ್ದರಿಂದ ಉಳಿಯಿತು. ಇಂದು ಪ್ರವಾಸಿಗರ ಕಣ್ಣಿಗೆ ಬಯಲಿನಲ್ಲಿ ಒಂಟಿಯಾಗಿ ನಿಂತ ಚರ್ಚು ಕಾಣುತ್ತದೆ. ಅದು ಬಯಲಿನಲ್ಲಿ ಕಟ್ಟಿದ ಚರ್ಚಲ್ಲ, ಊರ ನಡುವೆ ಇದ್ದ ಚರ್ಚು. ಸುತ್ತಲಿನ ಊರು ಚಿತ್ರದಲ್ಲಿ ಬರುವುದಿಲ್ಲ, ಅಷ್ಟೇ. ಮುಳುಗಡೆಯಾದವರಿಗೆ ಕೊಡಬೇಕಾದ ಭೂಮಿಯ ತಕರಾರು ಮಾತ್ರ ನೀರಿನಲ್ಲಿ ಮುಳುಗಲಿಲ್ಲ. ನಿರಾಶ್ರಿತರ ಹೆಸರಿನಲ್ಲಿ ಬೇರೆಯವರು ಜಮೀನು ಮಂಜೂರು ಮಾಡಿಸಿಕೊಂಡ ದೂರುಗಳು ನಲವತ್ತು ವರ್ಷಗಳ ನಂತರವೂ ಹಾಸನದ ಪತ್ರಿಕೆಗಳಲ್ಲಿ ಸುದ್ದಿಯಾಗಿವೆ.

ಇಲ್ಲಿ ಕನ್ನಂಬಾಡಿಯನ್ನು ನೆನೆಯಬಹುದು. ಕೃಷ್ಣರಾಜಸಾಗರದಲ್ಲಿ ಮುಳುಗಿದ ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯ ದಶಕಗಳ ಕಾಲ ಬರಗಾಲದ ವರ್ಷಗಳಲ್ಲಿ ಮಾತ್ರ ಮೇಲೆ ಕಾಣುತ್ತಿತ್ತು. ಕೊನೆಗೆ ಖಾಸಗಿ ಪ್ರತಿಷ್ಠಾನವೊಂದು ಕಲ್ಲು ಕಲ್ಲನ್ನೂ ಬಿಡಿಸಿ ಹೊಸಕನ್ನಂಬಾಡಿಯಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ಕಲ್ಲಿನ ಗುಡಿಯನ್ನು ಬಿಡಿಸಿ ಜೋಡಿಸಬಹುದು. ಇಟ್ಟಿಗೆ ಗಾರೆಯ ಚರ್ಚನ್ನು ಹಾಗೆ ಮಾಡಲಾಗದು. ಈಚಿನ ವರ್ಷಗಳ ಮಳೆಗೆ ಶೆಟ್ಟಿಹಳ್ಳಿಯ ಗೋಡೆಗಳ ಕೆಲವು ಭಾಗ ಕುಸಿದಿದೆ. ಉಳಿದ ಗೋಡೆಗಳ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುವವರೂ, ಇದ್ದಲಿನಲ್ಲಿ ಹೆಸರು ಬರೆಯುವವರೂ ಕಡಿಮೆಯಾಗಿಲ್ಲ.

ಈಗ ಮಹಾನಗರದ ಕಡೆಗೆ ಬರೋಣ. ಬೆಂಗಳೂರು ಹೊಳೆಯ ಊರಲ್ಲ, ಕೆರೆಗಳ ಊರು. ಪೇಟೆಯ ಜನ ಧರ್ಮಾಂಬುಧಿ, ಸಂಪಂಗಿ ಮುಂತಾದ ಕೆರೆಗಳ ನೀರನ್ನೂ ಬಾವಿಗಳ ನೀರನ್ನೂ ಕುಡಿದು ಬದುಕಿದರು. ಕೆರೆಯ ಕೆಳಗಿನ ತೋಟಗಳಲ್ಲಿ ತಿಗಳರು ಸೊಪ್ಪು ತರಕಾರಿ ಬೆಳೆದು ಊರಿಗೆ ಉಣಿಸಿದರು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕೊಳವೆಯಲ್ಲಿ ನೀರು ಬರತೊಡಗಿತು. ದೂರದಿಂದ ನೀರು ಬಂದ ಮೇಲೆ ಹತ್ತಿರದ ಕೆರೆಗಳು ಯಾರಿಗೂ ಬೇಡವಾದವು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ಶಾಸ್ತ್ರಕ್ಕೆ ಇಂದಿಗೂ ಸಂಪಂಗಿ ಕೆರೆಯ ನೀರೇ ಆಗಬೇಕು. ಅದಕ್ಕಾಗಿ ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ಸಾವಿರಾರು ಜನ ನೋಡುವ ನಗರದ ದೊಡ್ಡ ಬೇಸಿಗೆ ಹಬ್ಬವು ನಗರವೇ ಮುಚ್ಚಿದ ಕೆರೆಯ ನೆನಪನ್ನು ಹೀಗೆ ಹೊತ್ತುಕೊಂಡು ನಡೆಯುತ್ತಿದೆ.

ಶೆಟ್ಟಿಹಳ್ಳಿಯಲ್ಲಿ ಊರನ್ನು ನೀರು ಮುಚ್ಚಿತು, ಬೆಂಗಳೂರಿನಲ್ಲಿ ನೀರನ್ನು ಊರು ಮುಚ್ಚಿತು. ಎರಡೂ ಬಹುಮಟ್ಟಿಗೆ ಒಂದೇ ಶತಮಾನದಲ್ಲಿ ನಡೆದವು.

ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಐನೂರು ಮೀಟರ್ ಎತ್ತರಕ್ಕೆ ಪಂಪುಗಳಿಂದ ಎತ್ತಬೇಕು. ನಾಲ್ಕು ಹಂತಗಳು ಮುಗಿಯುವಾಗ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತ ಇದಕ್ಕೆ 77.5 ಕೋಟಿ ಲೀಟರ್ ಸೇರಿಸುವಂಥದ್ದು. ಸುಪ್ರೀಂ ಕೋರ್ಟು 2018ರ ಫೆಬ್ರವರಿಯ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟಿತು. ಹೇಮಾವತಿ ಅಣೆಕಟ್ಟು ಬೆಂಗಳೂರಿಗಾಗಿ ಕಟ್ಟಿದ್ದಲ್ಲ, ನಿಜ. ಆದರೆ ಗೊರೂರಿನಿಂದ ಕೆಳಗೆ ಬಿಟ್ಟ ನೀರು ಹೋಗುವುದು ಕನ್ನಂಬಾಡಿಗೆ, ಕನ್ನಂಬಾಡಿಯ ನೀರು ಇಳಿಯುವುದು ನಗರದ ಪಂಪುಗಳ ಕಡೆಗೆ. ಶೆಟ್ಟಿಹಳ್ಳಿಯ ಗದ್ದೆಗಳ ಮೇಲೆ ನಿಂತ ನೀರಿನ ಒಂದು ಪಾಲು ಹೀಗೆ ಸುತ್ತಿ ಬಳಸಿ ಬೆಂಗಳೂರಿನ ಕೊಡಗಳಿಗೆ ಬೀಳುತ್ತದೆ.

ಆದ್ದರಿಂದಲೇ ಚರ್ಚು ಪೂರ್ತಿಯಾಗಿ ಕಾಣುವ ವರ್ಷ ನಗರಕ್ಕೆ ಕೆಟ್ಟ ವರ್ಷ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು ಹದಿನಾಲ್ಕು ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿಹೋದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶ ಬಂತು. ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಮಾಡಿ, ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ ಎಂದಿತು. ಆ ಮಾರ್ಚ್ ರಂಜಾನ್ ತಿಂಗಳೂ ಆಗಿತ್ತು. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವುಝೂವಿಗೆ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿಯವರ ಬೋಧನೆ ಮುಸ್ಲಿಮರು ಬಾಲ್ಯದಿಂದ ಕೇಳಿದ್ದು. ನಲ್ಲಿಯೇ ಒಣಗಿದ ಆ ಬೇಸಿಗೆಯಲ್ಲಿ ಅದರ ಅರ್ಥ ಬೇರೆಯೇ ತೂಕ ಪಡೆಯಿತು.

ಹೊಳೆಯ ಪಾಲಿನ ಜಗಳ ಈಗ ನಗರದ ಅಂಚಿಗೂ ಬಂದಿದೆ. ತುಮಕೂರಿನ ನಾಲೆಯಿಂದ ಕೊಳವೆ ಹಾಕಿ ಕುಣಿಗಲ್, ಮಾಗಡಿಗೆ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕಾಮಗಾರಿಯನ್ನು ತುಮಕೂರು ಜಿಲ್ಲೆಯ ರೈತರು 2024ರಲ್ಲೂ 2025ರಲ್ಲೂ ಬೀದಿಗಿಳಿದು ವಿರೋಧಿಸಿದರು. ಮಾಗಡಿಯವರಿಗೂ ಬಾಯಾರಿಕೆ ಇದೆ, ಗುಬ್ಬಿಯವರಿಗೂ ಇದೆ. ಆದರೆ ಈ ವಾದಗಳಲ್ಲಿ ಶೆಟ್ಟಿಹಳ್ಳಿಯವರ ಹೆಸರನ್ನು ಯಾರೂ ಎತ್ತುವುದಿಲ್ಲ. ಎಲ್ಲರ ಪಾಲಿನ ಲೆಕ್ಕ ಶುರುವಾಗುವುದೇ ಅವರು ಎದ್ದು ಹೋದ ಜಾಗದಿಂದ.

ನಗರದಿಂದ ಹೋಗುವವರಿಗೆ ಇಂದು ದಾರಿ ಸುಲಭ. ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಅಗಲವಾದ ಹೆದ್ದಾರಿ ಇದೆ. ಶ್ರವಣಬೆಳಗೊಳದ ಮೇಲಿನ ರೈಲುಮಾರ್ಗ 2017ರಿಂದ ಹಾಸನವನ್ನು ಬೆಂಗಳೂರಿಗೆ ನೇರವಾಗಿ ಜೋಡಿಸಿದೆ. ದಾರಿಯಲ್ಲಿ ತಟ್ಟೆ ಇಡ್ಲಿಗೂ ಮಸಾಲೆ ದೋಸೆಗೂ ನಿಲ್ಲುತ್ತಾರೆ. ದೋಸೆಯೊಳಗಿನ ಪಲ್ಯದ ಆಲೂಗಡ್ಡೆ ಹಾಸನದ್ದೇ ಇರಬಹುದು. ಪಂಜಾಬಿನ ಜಲಂಧರಿನಿಂದ ಬಿತ್ತನೆ ಗೆಡ್ಡೆ ತರಿಸಿ, ಮೇ ತಿಂಗಳ ಮೊದಲ ಮಳೆಗೆ ಇಲ್ಲಿನ ರೈತರು ಅದನ್ನು ನೆಡುತ್ತಾರೆ. ಅಂಗಮಾರಿ ರೋಗ ಬಂದರೆ ಬೆಳೆ ಕೈಗೆ ಸಿಗದು. ಚರ್ಚು ನೋಡಲು ಜನ ಹೆಚ್ಚಾಗಿ ಸೇರುವ ದಿನಗಳೂ, ಅಕ್ಕಪಕ್ಕದ ಹೊಲಗಳಲ್ಲಿ ಆಲೂಗಡ್ಡೆ ನೆಡಲು ಮೋಡ ನೋಡುತ್ತ ಕೂರುವ ದಿನಗಳೂ ಒಂದೇ.

ಜೂನ್‌ನಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದರೆ ಹೊಳೆ ಕೆಂಪಾಗಿ ಇಳಿಯುತ್ತದೆ. ಒಳಹರಿವು ಇಷ್ಟು ಕ್ಯೂಸೆಕ್, ಮಟ್ಟ ಇಷ್ಟು ಅಡಿ ಎಂದು ಬೆಂಗಳೂರಿನ ಪತ್ರಿಕೆಗಳು ದಿನವೂ ಅಚ್ಚು ಹಾಕತೊಡಗುತ್ತವೆ. ಒಳ್ಳೆಯ ಮಳೆಯಾದ ವರ್ಷ ಜುಲೈ, ಆಗಸ್ಟ್ ಹೊತ್ತಿಗೆ ನೀರು ಚರ್ಚಿನ ಬಾಗಿಲು ದಾಟಿ ಒಳಗೆ ಬಂದು, ಕಮಾನುಗಳ ಅರ್ಧಕ್ಕೆ ಏರುತ್ತದೆ. ಗೊರೂರಿನಲ್ಲಿ ಗೇಟು ತೆರೆದರೆ ಅದನ್ನು ನೋಡಲು ಬೇರೆಯೇ ಜನ ಸೇರುತ್ತಾರೆ.